ಮೂರನೆಯ ಸಲದ ತಟ್ಟೆ

ಬೆಲ್ಟಿಗೆ ಅಂಗಡಿಯವರು ಕೊಟ್ಟದ್ದು ಐದು ತೂತು. ಆರನೆಯದನ್ನು ಯಾರೋ ಮೊಳೆಯಿಂದ ಚುಚ್ಚಿದ್ದರು. ಅದರ ಅಂಚು ಒರಟಾಗಿತ್ತು. ಈನಿಡ್ ಥ್ಯಾಕ್ರೆ ತಮ್ಮ ಸಿರಿಲನ ಮುಖ ನೋಡುವ ಮೊದಲೇ ನೋಡಿದ್ದು ಅದನ್ನು. ವಾಕರಿನ ಮೇಲೆ ಬಾಗಿ ನಡೆಯುವವರ ಕಣ್ಣಿಗೆ ಎದುರಿನವರ ಸೊಂಟವೇ ಮೊದಲು ಬೀಳುತ್ತದೆ.

ಒಂಬತ್ತು ವಾರಗಳ ಹಿಂದೆ, ಆಕೆ ಹಿತ್ತಲ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡದ್ದಕ್ಕೆ ಮುಂಚಿನ ಭಾನುವಾರ, ಸಿರಿಲನ ಬೆಲ್ಟಿನ ಕೊಕ್ಕೆ ಎರಡನೆಯ ತೂತಿನಲ್ಲಿತ್ತು. ಆಸ್ಪತ್ರೆಯ ಹಾಸಿಗೆಯಿಂದ ಆಕೆ ದಿನವೂ ಸಂಜೆ ಐದಕ್ಕೆ ಕ್ರಾಫ್ಟ್ ಲೇನಿನ ಮನೆಗೆ ಫೋನು ಮಾಡಿದ್ದಳು. ದಿನವೂ ಬೇರೆ ದನಿ, ಆದರೆ ಒಂದೇ ಉತ್ತರ: ಸಿರಿಲ್ ಚೆನ್ನಾಗಿದ್ದಾರೆ, ಇವತ್ತೂ ತಮ್ಮ ಆಯ್ಕೆಗಳನ್ನು ತಾವೇ ಮಾಡಿಕೊಂಡರು. ಆ ಮಾತು ಕೇಳಿ ಆಕೆಗೆ ಹೆಮ್ಮೆಯಾಗುತ್ತಿತ್ತು. ಈಗ ಬುಧವಾರ ಮಧ್ಯಾಹ್ನ, ಎರಡು ಬಸ್ಸು ಬದಲಿಸಿ ಬಂದು ಹೊಸ್ತಿಲಲ್ಲಿ ನಿಂತಾಗ, ಆ ಹೆಮ್ಮೆ ಮೀನಿನ ಮುಳ್ಳಿನಂತೆ ಚುಚ್ಚಿತು.

ಬಾಗಿಲು ತೆರೆದವನು ಡಗ್ಗಿ. ಆ ಮನೆಯಲ್ಲಿ ಇಬ್ಬರೇ ವಾಸ, ಸಿರಿಲ್ ಮತ್ತು ಡಗ್ಗಿ. ಬುದ್ಧಿ ವಯಸ್ಸಿನಷ್ಟು ವೇಗವಾಗಿ ಬೆಳೆಯದ ಇಬ್ಬರು. ಬಾಡಿಗೆ ಕರಾರು ಅವರವರ ಹೆಸರಿನಲ್ಲೇ ಇತ್ತು, ಅಡುಗೆಗೂ ಸ್ನಾನಕ್ಕೂ ಔಷಧಕ್ಕೂ ನೆರವಾಗಲು ಒಂದು ಸಂಸ್ಥೆಯವರು ಸರದಿಯಲ್ಲಿ ಬರುತ್ತಿದ್ದರು. ಐವತ್ತರ ಡಗ್ಗಿಗೆ ಮಾತು ಧಾರಾಳ. ಅರವತ್ತಮೂರರ ಸಿರಿಲನಿಗೆ ಮಾತಿಲ್ಲ.

“ಈನಿಡ್ ಬಂದ್ಲು, ಆರು ಕಾಲಿನ ಈನಿಡ್ ಬಂದ್ಲು,” ಎಂದು ಡಗ್ಗಿ ಒಳಗೆ ಕೂಗಿ ಹೇಳಿದ. ವಾಕರಿನ ನಾಲ್ಕು, ಆಕೆಯವು ಎರಡು, ಲೆಕ್ಕ ಸರಿಯಾಗಿತ್ತು. ಆಮೇಲೆ ಹೊಟ್ಟೆ ತಟ್ಟಿಕೊಂಡು, “ಸಿರಿಲ್ ಸಾಸೇಜೆಲ್ಲ ಈಗ ನಂಗೇ. ಅವನು ತಳ್ತಾನೆ, ನಾನು ತಿಂತೀನಿ,” ಎಂದ.

“ಎಷ್ಟು ದಿನದಿಂದಲೋ?”

“ತುಂಬಾ ದಿನದಿಂದ,” ಎಂದ ಡಗ್ಗಿ, ಸಂತೋಷವಾಗಿ.

ಸಿರಿಲ್ ನಡುಮನೆಯ ಬಾಗಿಲಲ್ಲಿ ನಿಂತಿದ್ದ. ಅಕ್ಕನ ಕೋಟಿನ ತೋಳನ್ನು ಹೆಬ್ಬೆರಳಿನಿಂದ ಎರಡು ಸಲ ಸವರಿದ. ಅದು ಅವನ ನಮಸ್ಕಾರ. ಆ ಹೆಬ್ಬೆರಳಿನ ಗೆಣ್ಣು ಗೋಲಿಯಂತೆ ಎದ್ದು ಕಾಣುತ್ತಿತ್ತು.

ಮನೆಯ ಮೇಲ್ವಿಚಾರಕಿ ಕರ್ಸ್ಟಿ ಹೋಲ್‌ರಾಯ್ಡ್ ಮೂವತ್ತನಾಲ್ಕರ ಹೆಣ್ಣುಮಗಳು. ಬೇಸಗೆಯಲ್ಲಿ ಹೊಸ ಸಂಸ್ಥೆ ಮನೆಯನ್ನು ವಹಿಸಿಕೊಂಡಾಗ ಬಂದವಳು. ಇಂಥ ಐದು ಮನೆಗಳು ಅವಳ ಪಾಲಿಗಿದ್ದವು. ಕೆಟ್ಟವಳಲ್ಲ. ಕೂರಲು ಕುರ್ಚಿ ಎಳೆದು ಕೊಟ್ಟಳು, ಚಹಾ ಮಾಡಿದಳು, ಟ್ಯಾಬನ್ನು ಅಡಗಿಸದೆ ಈನಿಡ್‌ಳ ಕಡೆಗೆ ತಿರುಗಿಸಿ ತೋರಿಸಿದಳು. ಅದರಲ್ಲಿ ದಿನಕ್ಕೆ ಮೂರು ಸಾಲು. ಹೆಚ್ಚಿನ ಸಾಲುಗಳಲ್ಲಿ ಅದೇ ಮೂರು ವಾಕ್ಯ: ಊಟ ನೀಡಲಾಯಿತು. ನಿರಾಕರಿಸಿದರು. ಆಯ್ಕೆಯನ್ನು ಗೌರವಿಸಲಾಯಿತು.

ಈನಿಡ್ ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ಎಣಿಸಿದವಳು. ಬೆರಳಿನಿಂದ ಪರದೆಯನ್ನು ಮೇಲಕ್ಕೆ ಸರಿಸುತ್ತ ಎಣಿಸಿದಳು. ಚಹಾ ತಣ್ಣಗಾಯಿತು. ಅರವತ್ತಮೂರು ದಿನ, ನೂರ ಎಂಬತ್ತೊಂಬತ್ತು ಊಟ. ಅದರಲ್ಲಿ ನಿರಾಕರಣೆ ನೂರ ಮೂವತ್ತೊಂದು. ಉಳಿದ ಐವತ್ತೆಂಟರಿಂದ ಅವನು ಬದುಕಿದ್ದ. ಅರವತ್ತೆಂಟು ಕಿಲೋ ಇದ್ದವನು ಐವತ್ತೇಳಕ್ಕೆ ಇಳಿದಿದ್ದ.

ಡಾಕ್ಟರು ಬಂದು ನೋಡಿದ್ದಾರೆ ಎಂದಳು ಕರ್ಸ್ಟಿ. ಇಂಥವರಿಗೆ ಮರೆವಿನ ಕಾಯಿಲೆ ಉಳಿದವರಿಗಿಂತ ಬೇಗ ಬರುತ್ತದಂತೆ, ಊಟ ಒಲ್ಲೆನೆನ್ನುವುದು ಅದರ ಕೊನೆಯ ಹಂತದ ಗುರುತಂತೆ. ಮುಂದಿನ ಗುರುವಾರ ಹನ್ನೊಂದಕ್ಕೆ ಸಭೆ. ನಲವತ್ತು ಮೈಲಿ ಆಚೆ ಕಡಲ ದಂಡೆಯ ಶುಶ್ರೂಷಾಲಯದಲ್ಲಿ ಒಂದು ಹಾಸಿಗೆ ಖಾಲಿಯಿದೆ, ಅಲ್ಲಿಗೆ ಸಾಗಿಸುವ ಮಾತು. ಜೊತೆಗೊಂದು ಕಾಗದ: ಇನ್ನು ಆಸ್ಪತ್ರೆಗೆ ಒಯ್ಯುವುದು ಬೇಡ, ಉಸಿರು ನಿಂತರೆ ಮತ್ತೆ ಬರಿಸುವ ಪ್ರಯತ್ನ ಬೇಡ, ನೆಮ್ಮದಿಯಾಗಿರಲಿ. ‘ನೆಮ್ಮದಿ’ ಎನ್ನುವಾಗ ಕರ್ಸ್ಟಿಯ ದನಿ ಮೆತ್ತಗಾಯಿತು.

ಈನಿಡ್ ಅಡುಗೆಮನೆಗೆ ವಾಕರ್ ತಳ್ಳಿಕೊಂಡು ಹೋಗಿ, ಎರಡು ಬ್ರೆಡ್ ಸುಟ್ಟು, ಮೇಲೆ ಸಾಸಿನ ಬಿಸಿ ಬೀನ್ಸ್ ಕಾಳು ಸುರಿದು, ತಟ್ಟೆಯನ್ನು ಡಗ್ಗಿಯ ಕೈಯಲ್ಲಿ ಹೊರಿಸಿ ತಂದು ಸಿರಿಲನ ಮುಂದಿಡಿಸಿದಳು. ಸಿರಿಲ್ ಮುಂಗೈಯಿಂದ ಅದನ್ನು ತಳ್ಳಿದ. ಆಕೆ ತಟ್ಟೆಯನ್ನು ಎತ್ತಿ, ಇಪ್ಪತ್ತು ಎಣಿಸಿ, ಮತ್ತೆ ಇಟ್ಟಳು. ತಳ್ಳಿದ. ಮತ್ತೆ ಎತ್ತಿ, ಇಪ್ಪತ್ತು ಎಣಿಸಿ, ಮೂರನೆಯ ಸಲ ಇಟ್ಟಳು. ಸಿರಿಲ್ ಚಮಚ ತೆಗೆದುಕೊಂಡು ತಲೆ ಬಗ್ಗಿಸಿದ. ತಟ್ಟೆಯ ತಳದ ಬಣ್ಣ ಕಾಣುವವರೆಗೆ ತಲೆ ಎತ್ತಲಿಲ್ಲ.

ಕರ್ಸ್ಟಿ ಬಾಗಿಲಲ್ಲಿ ನಿಂತು ನೋಡಿದಳು.

“ಇದು ಕಾಯಿಲೆ ಅಲ್ಲಮ್ಮ, ಅಭ್ಯಾಸ,” ಎಂದಳು ಈನಿಡ್.

ಆ ಅಭ್ಯಾಸದ ವಯಸ್ಸು ಐವತ್ತೇಳು ವರ್ಷ. ಆರು ವರ್ಷದ ಸಿರಿಲನನ್ನು ಗುಡ್ಡದ ಮೇಲಿನ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. ಆ ಕಾಲದಲ್ಲಿ ಇಂಥ ಮಕ್ಕಳಿಗೆ ಅದೇ ಜಾಗ ಎಂದು ಡಾಕ್ಟರೂ ಪಾದ್ರಿಯೂ ಒಂದೇ ಬಾಯಲ್ಲಿ ಹೇಳಿದ್ದರು. ಒಂದು ವಾರ್ಡಿಗೆ ಅರವತ್ತು ಹುಡುಗರು. ಬಡಿಸುವ ಆಳಿಗೆ ಒಂದು ಶಿಸ್ತಿತ್ತು: ತಟ್ಟೆ ಇಡುತ್ತಿದ್ದ, ಯಾರು ಕೈ ಚಾಚಿದರೋ ಅವರ ಗೆಣ್ಣಿಗೆ ಸೌಟಿನಿಂದ ಹೊಡೆದು ತಟ್ಟೆ ಎತ್ತಿಕೊಳ್ಳುತ್ತಿದ್ದ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಇಟ್ಟದ್ದನ್ನು ಉಣ್ಣಬಹುದಿತ್ತು. ಬೇಗ ಕಲಿತವರು ಮೊದಲ ಎರಡು ತಟ್ಟೆಗಳನ್ನು ತಾವೇ ದೂರ ತಳ್ಳುತ್ತಿದ್ದರು. ಬೇರೇನನ್ನೂ ಬೇಗ ಕಲಿಯದ ಸಿರಿಲ್ ಇದನ್ನು ಬೇಗ ಕಲಿತ. ಇಪ್ಪತ್ತೈದು ವರ್ಷಗಳ ಮೇಲೆ ಆ ಆಸ್ಪತ್ರೆಯನ್ನು ಮುಚ್ಚಿ, ಅವನನ್ನು ಅಕ್ಕನ ಮನೆಗೆ ಕಳಿಸಿದಾಗ, ಮೂರು ದಿನ ಅವನು ಏನನ್ನೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಈನಿಡ್ ಕೆಲಸದ ಗಡಿಬಿಡಿಯಲ್ಲಿ ಅದೇ ತಟ್ಟೆಯನ್ನು ಮರೆತು ಮೂರು ಸಲ ಇಟ್ಟಳು. ಗುಟ್ಟು ಹಾಗೆ ತಿಳಿಯಿತು, ಅದರ ಹಿಂದಿನ ಸೌಟಿನ ಕಥೆಯನ್ನು ಆಮೇಲೆ ಅದೇ ವಾರ್ಡಿನಲ್ಲಿದ್ದವನೊಬ್ಬ ಹೇಳಿದ. ಗಂಡ ಹಾಸಿಗೆ ಹಿಡಿದು, ಸಿರಿಲನನ್ನು ಕ್ರಾಫ್ಟ್ ಲೇನಿಗೆ ಕಳಿಸುವಾಗ ಆಕೆ ಅದನ್ನು ಬೆರಿಲ್ ಎಂಬ ಹಳೆಯ ಕೆಲಸದಾಕೆಗೆ ಹೇಳಿಕೊಟ್ಟಳು. ಬೆರಿಲ್ ಹದಿನಾಲ್ಕು ವರ್ಷ ಮೂರು ಸಲ ಇಟ್ಟಳು, ಜೊತೆಯವರಿಂದಲೂ ಇಡಿಸಿದಳು. ವಸಂತದಲ್ಲಿ ನಿವೃತ್ತಳಾಗಿ ಸ್ಪೇನಿನಲ್ಲಿರುವ ಮಗಳ ಮನೆ ಸೇರಿದಳು. ಆಮೇಲೆ ಸಂಸ್ಥೆ ಬದಲಾಯಿತು, ಬೆರಿಲ್ ಕಲಿಸಿದವರು ಒಬ್ಬೊಬ್ಬರಾಗಿ ಹೋದರು. ಕೊನೆಗೆ ಆ ಗುಟ್ಟು ಉಳಿದದ್ದು ಈನಿಡ್‌ಳ ಬಾಯಿಯಲ್ಲಿ ಮಾತ್ರ. ಆ ಬಾಯಿ ಒಂಬತ್ತು ವಾರ ಆಸ್ಪತ್ರೆಯಲ್ಲಿತ್ತು.

“ನೀವು ಸುಳ್ಳು ಹೇಳ್ತಿದೀರಿ ಅಂತ ನಾನು ಅಂತಿಲ್ಲ ಈನಿಡ್ ಅವರೇ,” ಎಂದಳು ಕರ್ಸ್ಟಿ. “ಆದ್ರೆ ಎಲ್ಲಿ ಬರೆದಿದೆ?”

ಅವಳು ಪರದೆಯ ಮೇಲೆ ಇನ್ನೊಂದು ಪುಟ ತೆರೆದಳು. ಈ ಮನೆಗಳಲ್ಲಿ ಪ್ರತಿಯೊಬ್ಬರಿಗೂ ‘ನನ್ನ ಬಗ್ಗೆ’ ಎಂಬ ಒಂದೇ ಒಂದು ಪುಟವಿರುತ್ತದೆ. ಹೊಸದಾಗಿ ಬಂದವರು ಓದುವುದು ಅದನ್ನೇ. ಸಿರಿಲನದನ್ನು ಬರೆದವಳು ಈನಿಡ್. ಹೋದ ವರ್ಷದ ಸಭೆಯಲ್ಲಿ ಆಕೆಗೆ ಹೇಳಿದ್ದರು, ಕೊರತೆಗಳನ್ನು ಬರೆಯಬೇಡಿ, ವಿಚಿತ್ರವೆನಿಸುವುದನ್ನು ಬರೆಯಬೇಡಿ, ಓದಿದವರಿಗೆ ಅವನ ಮೇಲೆ ಗೌರವ ಹುಟ್ಟುವಂಥದ್ದನ್ನು ಬರೆಯಿರಿ. ಆಕೆ ಮೂರು ರಾತ್ರಿ ಯೋಚಿಸಿ, ಒಳ್ಳೆಯ ಅಕ್ಷರದಲ್ಲಿ ನಾಲ್ಕು ವಾಕ್ಯ ಬರೆದಿದ್ದಳು. ನಾಲ್ಕನೆಯದು ಇದು: ‘ಸಿರಿಲನಿಗೆ ತನ್ನ ಮನಸ್ಸು ಚೆನ್ನಾಗಿ ಗೊತ್ತು, ಅವನು ಬೇಡವೆಂದರೆ ದಯವಿಟ್ಟು ಗೌರವಿಸಿ.’ ಇಪ್ಪತ್ತೈದು ವರ್ಷ ಯಾರೂ ಅವನ ಬೇಡಕ್ಕೆ ಬೆಲೆ ಕೊಟ್ಟಿರಲಿಲ್ಲ. ಆ ವಾಕ್ಯ ಬರೆದಾಗ ಆಕೆಗೆ ಕಣ್ಣು ತುಂಬಿ ಬಂದಿತ್ತು.

ನೂರ ಮೂವತ್ತೊಂದು ಸಾಲಿನಲ್ಲೂ ಆಯ್ಕೆಯನ್ನು ಗೌರವಿಸಲಾಯಿತು ಎಂದು ಬರೆದವರು ಆಕೆಯ ಮಾತನ್ನೇ ಪಾಲಿಸಿದ್ದರು.

ಮೂರು ಸಲ ಇಡಿ, ಇಷ್ಟೇ ಸಾಕು ಎಂದು ಈನಿಡ್ ಬೇಡಿಕೊಂಡಳು. ಕರ್ಸ್ಟಿ ಬಹಳ ಹೊತ್ತು ಟ್ಯಾಬಿನ ಅಂಚನ್ನು ಉಗುರಿನಿಂದ ಕೆರೆದಳು. ಎರಡು ವರ್ಷದ ಹಿಂದೆ ಇದೇ ಸಂಸ್ಥೆಯ ಬೇರೊಂದು ಮನೆಯಲ್ಲಿ ಒಬ್ಬಳು ಕೆಲಸದಾಕೆ ಬೇಡವೆಂದವಳ ಬಾಯಿಗೆ ಚಮಚ ತುರುಕಿದ್ದಳು. ಚಮಚ ತುರುಕಿಸಿಕೊಂಡವಳು ಉಸಿರುಕಟ್ಟಿ ಸತ್ತಳು. ಅಂದಿನಿಂದ ನಿಯಮ ಒಂದೇ: ಒಮ್ಮೆ ನೀಡು, ಒಮ್ಮೆ ಬರೆ. ಎರಡನೆಯ ಸಲ ನೀಡಿದರೆ ಬಲವಂತ. ಪುಟ ತಿದ್ದಬೇಕಾದರೆ ಸಭೆಯೇ ತಿದ್ದಬೇಕು, ಸಭೆ ಗುರುವಾರ. ಅಕ್ಕನಾಗಿ ನೀವು ಬಂದು ಉಣ್ಣಿಸಬಹುದು, ಆದರೆ ಅದನ್ನು ಬಂಧುಗಳು ಉಣ್ಣಿಸಿದ್ದೆಂದು ಬೇರೆ ಬರೆಯುತ್ತೇವೆ. ನಮ್ಮ ಕೈಯಿಂದ ಉಣ್ಣುತ್ತಾರೆಯೇ ಎಂಬುದೇ ಪ್ರಶ್ನೆ. ಇಷ್ಟನ್ನೂ ಅವಳು ಈನಿಡ್‌ಳ ಕಣ್ಣು ನೋಡದೆ ಹೇಳಿದಳು.

ಗುರುವಾರಕ್ಕೆ ಎಂಟು ದಿನವಿತ್ತು.

ಶುಕ್ರವಾರ ಸರದಿಗೆ ಬಂದವನು ಟೆಂಡಾಯಿ. ಜಿಂಬಾಬ್ವೆಯವನು, ನಲವತ್ತೈದರ ಗಂಡಸು, ಊರಿನಲ್ಲಿ ಶಾಲಾ ಮೇಷ್ಟರಾಗಿದ್ದವನು. ಇಲ್ಲಿ ದಿನಗೂಲಿಯವನಂತೆ ಇವತ್ತು ಈ ಮನೆ, ನಾಳೆ ಆ ಮನೆ. ಈನಿಡ್ ಬೆಳಗಿನ ಊಟಕ್ಕೆ ಮುಂಚೆಯೇ ಬಂದಾಗ ಅವನು ಆಕೆಯ ಕೋಟನ್ನು ತೆಗೆದುಕೊಂಡು ಗೂಟಕ್ಕೆ ಹಾಕಿ, “ಕೂತ್ಕೊಳ್ಳಿ ಅಜ್ಜಿ,” ಎಂದ.

“ನಿನಗೆ ಅಜ್ಜಿ ಆಗೋಷ್ಟು ಮುದುಕಿ ಅಲ್ಲ ನಾನು.”

“ನಮ್ಮಲ್ಲಿ ಅದು ವಯಸ್ಸಿಗಲ್ಲ, ಮರ್ಯಾದೆಗೆ.”

“ಹಂಗಾದ್ರೆ ಇರಲಿ ಬಿಡು,” ಎಂದಳು ಈನಿಡ್. ಒಂಬತ್ತು ವಾರಗಳಲ್ಲಿ ಮೊದಲ ಸಲ ಆಕೆಯ ತುಟಿ ಸ್ವಲ್ಪ ಸಡಿಲಿತು.

ಆಕೆ ತಟ್ಟೆಯ ಗುಟ್ಟು ಹೇಳಿದಾಗ ಟೆಂಡಾಯಿ ನಡುವೆ ಬಾಯಿ ಹಾಕದೆ ಕೇಳಿದ. ನಿಯಮ ಅವನಿಗೂ ಗೊತ್ತಿತ್ತು. “ಒಂದೇ ಸಲ ಕೇಳಿ ತಟ್ಟೆ ಎತ್ಕೊಂಡು ಹೋದ್ರೆ, ನಮ್ಮ ಕಡೆ ಅದನ್ನ ಊಟಕ್ಕೆ ಕರೆದಿದ್ದು ಅನ್ನಲ್ಲ, ಬಾಗಿಲು ತೋರಿಸಿದ್ದು ಅಂತಾರೆ,” ಎಂದು ಮಾತ್ರ ಹೇಳಿದ. ಬಾಯಿಗೆ ತುರುಕುವುದಿಲ್ಲ, ಕೈ ಹಿಡಿಯುವುದಿಲ್ಲ, ಇಡುತ್ತೇನೆ, ಎತ್ತುತ್ತೇನೆ, ಮತ್ತೆ ಇಡುತ್ತೇನೆ, ಅಷ್ಟೇ ಎಂದ.

ಶುಕ್ರ, ಶನಿ, ಭಾನು. ಒಂಬತ್ತು ಊಟಗಳಲ್ಲಿ ಸಿರಿಲ್ ಎಂಟನ್ನು ಉಂಡ. ಒಂದು ದಿನ ಬೆಳಗ್ಗೆ ಮಾತ್ರ ಮೂರನೆಯ ಸಲವೂ ತಳ್ಳಿದ. ಅದನ್ನು ಟೆಂಡಾಯಿ ಹೇಳಿದಾಗ ಈನಿಡ್ ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಟು ಎಂಬುದು ಅಷ್ಟು ದೊಡ್ಡ ಸಂಖ್ಯೆಯಾಗಿತ್ತು. ಏನೆಂದು ಬರೆಯಲಿ ಎಂದು ಅವನು ಕೇಳಿದ್ದ. ಉಂಡರು ಎಂದಷ್ಟೇ ಬರೆದರೂ ನಡೆಯುತ್ತಿತ್ತು. ಈನಿಡ್‌ಗೆ ಸಾಕ್ಷಿ ಬೇಕಿತ್ತು. ಇದ್ದದ್ದನ್ನು ಇದ್ದಂತೆ ಬರೆ, ಮೂರು ಸಲ ನೀಡಿದೆ, ಮೂರನೆಯ ಸಲ ಉಂಡರು ಎಂದು ಪ್ರತಿ ಊಟಕ್ಕೂ ಬರೆ, ಗುರುವಾರ ಅವರೆಲ್ಲ ಓದಲಿ ಎಂದು ಆಕೆಯೇ ಒತ್ತಾಯ ಮಾಡಿದಳು. ಮೇಷ್ಟರಾಗಿದ್ದವನು ಹಾಗೆಯೇ ಬರೆದ.

ಸೋಮವಾರ ಬೆಳಗ್ಗೆ ಆ ಎಂಟು ಸಾಲುಗಳೂ ಕಚೇರಿಯ ಪರದೆಯಲ್ಲಿ ಕೆಂಪಾಗಿ ನಿಂತವು. ಬಲವಂತದ ಶಂಕೆ, ವಿಚಾರಣೆ ಮುಗಿಯುವವರೆಗೆ ಟೆಂಡಾಯಿ ಯಾವ ಮನೆಗೂ ಕಾಲಿಡುವಂತಿಲ್ಲ. ವಿಚಾರಣೆಗೆ ಒಳಪಟ್ಟ ಊಟಗಳನ್ನು ಸಭೆಯ ಎಣಿಕೆಗೆ ಹಿಡಿಯುವಂತಿಲ್ಲ. ಎಂಟು ಸೊನ್ನೆಯಾಯಿತು. ಅಂದು ಮಧ್ಯಾಹ್ನದಿಂದ ಬುಧವಾರ ರಾತ್ರಿಯವರೆಗೆ ಬಂದ ನಾಲ್ಕು ಬೇರೆ ಬೇರೆ ಜನ ಒಮ್ಮೆ ನೀಡಿ ಒಮ್ಮೆ ಬರೆದರು. ಈನಿಡ್ ಮಂಗಳವಾರ ಹೋಗಿ ಒಂದು ಊಟ ಉಣ್ಣಿಸಿದಳು. ಬುಧವಾರ ಕಾಲು ಊದಿ ಏಳಲಾಗಲಿಲ್ಲ.

ಟೆಂಡಾಯಿ ಫೋನು ಮಾಡಿದ. ಈನಿಡ್ ಕ್ಷಮೆ ಕೇಳಲು ಹೊರಟಾಗ ತಡೆದ.

“ಬರೆಯೋಕೆ ಹೇಳಿದ್ದು ನೀವು, ಬರೆದದ್ದು ನಾನು. ಸುಳ್ಳೇನೂ ಬರೀಲಿಲ್ಲವಲ್ಲ ಅಜ್ಜಿ,” ಎಂದ. “ಆದ್ರೆ ನೆನಪಿಟ್ಕೊಳ್ಳಿ, ಒಮ್ಮೊಮ್ಮೆ ಅವರಿಗೆ ಮೂರೂ ಸಾಲ್ತಿಲ್ಲ,” ಎಂದು ಸೇರಿಸಿದ.

ಗುರುವಾರ ಹನ್ನೊಂದಕ್ಕೆ ಸಭೆ ಕ್ರಾಫ್ಟ್ ಲೇನಿನ ನಡುಮನೆಯಲ್ಲೇ ಸೇರಿತು, ಸಿರಿಲನೂ ಕೂರಬೇಕಾದ್ದರಿಂದ. ಸಭೆ ನಡೆಸಲು ಬಂದವನು ಹಾರ್ಗ್ರೀವ್ಸ್ ಎಂಬ ತೆಳ್ಳಗಿನ ಸಮಾಜಸೇವಾ ಅಧಿಕಾರಿ. ಮಳೆಯಲ್ಲಿ ನೆನೆದ ಬೂಟಿನಿಂದ ಅವನು ಕಾಲು ಕದಲಿಸಿದಾಗಲೆಲ್ಲ ನೀರಿನ ಸದ್ದು ಬರುತ್ತಿತ್ತು. ಡಾಕ್ಟರು ನಡುವಯಸ್ಸಿನ ಹೆಂಗಸು, ದಣಿದವರು. ಅವರು ಅಂಕಿಗಳನ್ನು ಓದಿದರು. ಕಡಲ ದಂಡೆಯ ಹಾಸಿಗೆಯನ್ನು ಶನಿವಾರದವರೆಗೆ ಮಾತ್ರ ಹಿಡಿದಿಡುತ್ತಾರೆ ಎಂದರು. ಆಸ್ಪತ್ರೆ ಬೇಡವೆನ್ನುವ ಆ ಕಾಗದ ಅವರ ಮೊಣಕೈ ಕೆಳಗಿತ್ತು. ಸಹಿಯ ಜಾಗ ಖಾಲಿ ಕಾಣುತ್ತಿತ್ತು.

ಈನಿಡ್ ಹೇಳಬೇಕಾದ್ದನ್ನು ಹೇಳಿದಳು: ವಾರ್ಡು, ಸೌಟು, ಎರಡು ತಟ್ಟೆ, ಮೂರನೆಯ ತಟ್ಟೆ. ಮನೆಯಲ್ಲಿ ಕನ್ನಡಿಯ ಮುಂದೆ ಹೇಳಿಕೊಂಡು ಬಂದಿದ್ದಳು. ಇಲ್ಲಿ ಹೇಳುವಾಗ ಅದು ಯಾರದೋ ಅಡುಗೂಲಜ್ಜಿಯ ಕಥೆಯಂತೆ ಕೇಳಿಸಿತು. ನಿಮಗೆ ಹೀಗೆ ಅನಿಸುವುದು ಸಹಜ ಎಂದು ಹಾರ್ಗ್ರೀವ್ಸ್ ಮೃದುವಾಗಿ ಹೇಳಿದ. ಹತ್ತಿರದವರಿಗೆ ಕೊನೆಯನ್ನು ಒಪ್ಪಿಕೊಳ್ಳುವುದು ಕಷ್ಟ ಎಂದೂ ಹೇಳಿದ.

ಅಷ್ಟರಲ್ಲಿ ಚಹಾ ಬಂತು. ಎಲ್ಲರಿಗೂ ಇಟ್ಟಂತೆ ಕರ್ಸ್ಟಿ ಸಿರಿಲನ ಮುಂದೂ ಒಂದು ಕಪ್ಪು ಇಟ್ಟಳು. ಅವನು ಮುಂಗೈಯಿಂದ ತಳ್ಳಿದ. ಕಪ್ಪು ಮೇಜಿನ ಮೇಲೆ ಒಂದು ಗೇಣು ಸರಿಯಿತು. ಡಾಕ್ಟರು ಈನಿಡ್‌ಳನ್ನು ನೋಡಿದರು. ಆ ನೋಟದಲ್ಲಿ ಕೆಡುಕಿರಲಿಲ್ಲ, ನಾವು ಹೇಳುತ್ತಿರುವುದು ಇದನ್ನೇ ಎಂಬಂತಿತ್ತು.

“ಇನ್ನೊಂದ್ಸಲ ಇಡಿ,” ಎಂದಳು ಈನಿಡ್. “ನಾನಲ್ಲ, ನೀವೇ ಯಾರಾದ್ರೂ ಇಡಿ. ಅವನ ಕೈ ಮುಟ್ಟಬೇಡಿ, ಮಾತೂ ಆಡಬೇಡಿ. ಎರಡೇ ಸಲ. ಆಮೇಲೂ ತಳ್ಳಿದ್ರೆ ಆ ಕಾಗದಕ್ಕೆ ನೀವು ಹೇಳಿದ ಹಾಗೆ ಒಪ್ತೀನಿ.”

ಹಾರ್ಗ್ರೀವ್ಸ್ ಡಾಕ್ಟರ ಕಡೆ ನೋಡಿದ. ಡಾಕ್ಟರು ತಾವೇ ಎದ್ದು ಕಪ್ಪನ್ನು ಎತ್ತಿ, ಸ್ವಲ್ಪ ತಡೆದು, ಮತ್ತೆ ಇಟ್ಟರು. ಸಿರಿಲ್ ತಳ್ಳಿದ. ಕಪ್ಪು ನಾಲ್ಕು ಬೆರಳು ಸರಿಯಿತು. ಡಾಕ್ಟರು ಮತ್ತೆ ಎತ್ತಿ, ತಡೆದು, ಇಟ್ಟರು. ಮೂರನೆಯ ಸಲ. ಮೂವತ್ತೆರಡು ವರ್ಷ ಈನಿಡ್ ನಂಬಿದ್ದ ಸಂಖ್ಯೆ ಅದು.

ಸಿರಿಲ್ ತಳ್ಳಿದ.

ಬೂಟಿನ ನೀರು ಸದ್ದು ಮಾಡಿತು. ಈನಿಡ್ ತನ್ನ ಎರಡು ಅಂಗೈಗಳನ್ನು ವಾಕರಿನ ಹಿಡಿಗಳ ಮೇಲೆ ಒತ್ತಿದಳು, ಬೀಳದ ಹಾಗೆ. ಟೆಂಡಾಯಿ ಹೇಳಿದ್ದು ಈಗ ಅರ್ಥವಾಯಿತು. ಒಂಬತ್ತು ವಾರ ಮೂರನೆಯ ತಟ್ಟೆಯೇ ಬಾರದ, ಬಂದದ್ದೂ ಮೂರು ದಿನಕ್ಕೆ ನಿಂತುಹೋದ ಮನೆಯಲ್ಲಿ ಅವನು ತನ್ನ ಲೆಕ್ಕವನ್ನು ಮುಂದಕ್ಕೆ ತಳ್ಳಿಕೊಂಡಿದ್ದ. ಒಂದು ಎರಡು ಎಂದು ಹೇಳಲು ಬಾರದವನೂ ಎಣಿಕೆಯನ್ನು ಬದಲಿಸಬಲ್ಲ ಎಂಬುದು ಆಕೆಗೆ ಹೊಳೆದಿರಲಿಲ್ಲ. ಒಪ್ಪುತ್ತೇನೆ ಎಂದು ಮಾತು ಕೊಟ್ಟಾಗಿತ್ತು. ಹಾರ್ಗ್ರೀವ್ಸ್ ಪೆನ್ನಿನ ಮುಚ್ಚಳ ತೆಗೆದ.

“ಒಂದು ನಿಮಿಷ,” ಎಂದಳು ಕರ್ಸ್ಟಿ. ಅವಳು ಸಿರಿಲನ ಮುಖವನ್ನಲ್ಲ, ಮೇಜನ್ನು ನೋಡುತ್ತಿದ್ದಳು. “ಮೊದಲನೇ ಸಲ ಇಷ್ಟು ತಳ್ಳಿದ್ರು. ಎರಡನೇ ಸಲ ಅದರ ಅರ್ಧಕ್ಕೂ ಕಮ್ಮಿ. ಈಗ ಬೆರಳಗಲ ಕೂಡ ಇಲ್ಲ, ನೋಡಿ.”

ಮೇಜಿನ ಮೇಲೆ ಕಪ್ಪಿನ ತಳದ ಒದ್ದೆ ಗುರುತುಗಳು ಹಾಗೆಯೇ ಇದ್ದವು. ಒಂದು ಗೇಣು, ನಾಲ್ಕು ಬೆರಳು, ಅರ್ಧ ಬೆರಳು. ಯಾರೂ ಅಪ್ಪಣೆ ಕೊಡಲಿಲ್ಲ. ಕರ್ಸ್ಟಿ ಕಪ್ಪನ್ನು ಎತ್ತಿ, ಎದೆಯ ಮಟ್ಟದಲ್ಲಿ ಹಿಡಿದು ನಿಂತು, ನಾಲ್ಕನೆಯ ಸಲ ಇಟ್ಟಳು.

ಸಿರಿಲ್ ಕಪ್ಪನ್ನು ನೋಡಿದ. ಆಮೇಲೆ ಎರಡೂ ಕೈಯಿಂದ ಎತ್ತಿ, ತಳ ಕಾಣುವವರೆಗೆ ಕುಡಿದು, ಖಾಲಿ ಕಪ್ಪನ್ನು ಕರ್ಸ್ಟಿಯ ಕಡೆಗೆ ಚಾಚಿದ.

ಡಾಕ್ಟರು ಆ ಕಾಗದವನ್ನು ಚೀಲದೊಳಗೆ ಇಟ್ಟುಕೊಂಡರು. ಹರಿದು ಹಾಕಲಿಲ್ಲ.

ಸಭೆ ಹದಿನಾಲ್ಕು ದಿನ ಕೊಟ್ಟಿತು. ಹದಿನಾಲ್ಕು ದಿನಕ್ಕೆ ನಲವತ್ತೆರಡು ಊಟ. ಪ್ರತಿ ಊಟವನ್ನೂ ನಾಲ್ಕು ಸಲದವರೆಗೆ ನೀಡಬಹುದೆಂದು ಡಾಕ್ಟರು ಬರೆದು ಸಹಿ ಹಾಕಿದರು. ನಲವತ್ತೆರಡರಲ್ಲಿ ಇಪ್ಪತ್ತೆಂಟನ್ನು ಸಿರಿಲ್ ಕೆಲಸದವರ ಕೈಯಿಂದಲೇ ಉಣ್ಣಬೇಕು. ಇಲ್ಲವಾದರೆ ಈ ಮನೆ ಅವನನ್ನು ನೋಡಿಕೊಳ್ಳಲಾರದು ಎಂದು ಅರ್ಥ. ಅಕ್ಕ ಬಂದು ಕೂರಬಹುದು. ಆದರೆ ಊಟದ ಹೊತ್ತಿನಲ್ಲಿ ಆಕೆ ಮಾತಾಡಿದರೆ, ಸನ್ನೆ ಮಾಡಿದರೆ, ತಟ್ಟೆ ಮುಟ್ಟಿದರೆ, ಉಳಿದ ದಿನಗಳಲ್ಲಿ ಊಟದ ಹೊತ್ತಿಗೆ ಆಕೆಗೆ ಮನೆಯೊಳಗೆ ಪ್ರವೇಶವಿಲ್ಲ. ಟೆಂಡಾಯಿಯ ವಿಚಾರಣೆ ಬೇರೆಯವರ ಕೈಯಲ್ಲಿದೆ, ಅದರ ಮಾತು ಇಲ್ಲಿ ಬೇಡ ಎಂದರು.

‘ನನ್ನ ಬಗ್ಗೆ’ ಪುಟ ತಿದ್ದಲು ಈನಿಡ್‌ಳಿಗೆ ಅವಕಾಶ ಸಿಕ್ಕಿತು. ನಾಲ್ಕನೆಯ ವಾಕ್ಯವನ್ನು ಹೊಡೆದುಹಾಕಲು ಪೆನ್ನು ಎತ್ತಿದಳು, ಹೊಡೆಯಲಾಗಲಿಲ್ಲ. ಅದು ನಿಜವಾಗಿತ್ತು. ಅದರ ಕೆಳಗೆ ಐದನೆಯದನ್ನು ಸೇರಿಸಿದಳು: ‘ಆ ಮನಸ್ಸು ತಿಳಿಯಬೇಕಾದರೆ ನಾಲ್ಕು ಸಲ ಕೇಳಬೇಕು.’

ಶುಕ್ರವಾರ ಬೆಳಗ್ಗೆ ಎಂಟಕ್ಕೆ ಮೊದಲ ಊಟ. ಈನಿಡ್ ಏಳಕ್ಕೇ ಬಂದು ಮೂಲೆಯ ಕುರ್ಚಿ ಹಿಡಿದಿದ್ದಳು. ಕರ್ಸ್ಟಿ ಬೇರೆ ಮನೆಯಲ್ಲಿದ್ದಳು. ಟೆಂಡಾಯಿಯ ಜಾಗಕ್ಕೆ ಬಂದವಳು ಪೌಲಾ, ಇಪ್ಪತ್ತೈದರ ಹುಡುಗಿ, ಈ ಮನೆಯಲ್ಲಿ ಅವಳಿಗೆ ಅದೇ ಮೊದಲ ದಿನ. ಪುಟವನ್ನು ತುಟಿ ಅಲುಗಿಸುತ್ತ ಎರಡು ಸಲ ಓದಿದಳು. ಓಟ್ಸಿನ ಗಂಜಿ ತಂದು ಇಟ್ಟಳು. ಸಿರಿಲ್ ತಳ್ಳಿದ. ಎತ್ತಿ, ತಡೆದು, ಮತ್ತೆ ಇಟ್ಟಳು. ತಳ್ಳಿದ.

ಆಗ ಅಡುಗೆಮನೆಯಲ್ಲಿ ಡಗ್ಗಿ ಹಾಕಿದ್ದ ಬ್ರೆಡ್ ಸುಟ್ಟು ಹೊಗೆಯ ಗಂಟೆ ಕಿರುಚತೊಡಗಿತು. ಪೌಲಾ ಓಡಿದಳು. ಕಿಟಕಿ ತೆರೆದು, ಟವೆಲಿನಿಂದ ಬೀಸಿ, ಗಂಟೆ ನಿಲ್ಲಿಸಿ, ಅಳುವ ಡಗ್ಗಿಯನ್ನು ಸಮಾಧಾನಪಡಿಸಿ, ಅವನ ಕೈ ಹಿಡಿದುಕೊಂಡು ಹಿಂತಿರುಗಿದಾಗ ಗಂಜಿಯ ಮೇಲೆ ಕೆನೆ ಕಟ್ಟಿತ್ತು. ಅವಳು ಬಟ್ಟಲನ್ನು ನೋಡಿದಳು, ಟ್ಯಾಬನ್ನು ನೋಡಿದಳು. ಎಷ್ಟು ಸಲವಾಯಿತೆಂಬುದು ಅವಳಿಗೆ ತಪ್ಪಿಹೋಗಿತ್ತು. ಅದು ಅವಳ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಬಟ್ಟಲನ್ನು ಎತ್ತಿಕೊಂಡಳು.

“ನಂಗೆ ಕೊಡು, ನಂದು ಸುಟ್ಟೋಯ್ತು,” ಎಂದ ಡಗ್ಗಿ.

ಸಿರಿಲನ ಕಣ್ಣು ಬಟ್ಟಲಿನ ಹಿಂದೆ ಹೋಯಿತು. ಆಮೇಲೆ ಮೂಲೆಗೆ ತಿರುಗಿ ಅಕ್ಕನ ಮೇಲೆ ನಿಂತಿತು.

ಈನಿಡ್ ಬಾಯಿ ತೆರೆದರೆ ಈ ಒಂದು ಊಟ ಅವನ ಹೊಟ್ಟೆ ಸೇರುತ್ತಿತ್ತು, ಉಳಿದ ನಲವತ್ತೊಂದನ್ನು ಅವನು ಇಂಥವರ ಕೈಯಲ್ಲಿ ಒಬ್ಬನೇ ಎದುರಿಸಬೇಕಿತ್ತು. ಸುಮ್ಮನಿದ್ದರೆ ಹೋಗುವುದು ಒಂದು. ಹದಿನಾಲ್ಕರವರೆಗೆ ಕಳೆದುಕೊಳ್ಳಬಹುದು. ಲೆಕ್ಕ ಸುಲಭವಾಗಿತ್ತು. ಹಸಿದ ತಮ್ಮ ನೋಡುತ್ತಲೇ ಇದ್ದ, ವಾರ್ಡಿನ ಆ ಆಳೂ ಹೀಗೆಯೇ ಸುಮ್ಮನೆ ಕೂತು ನೋಡುತ್ತಿದ್ದನೇನೋ ಎಂದು ಆಕೆಗೆ ಅನಿಸಿತು. ಆಕೆ ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದಳು. ಡಗ್ಗಿ ಗಂಜಿಯನ್ನು ಬಳಿದು ಬಳಿದು ತಿಂದ. ಪೌಲಾ ಟ್ಯಾಬಿನಲ್ಲಿ ನಿರಾಕರಿಸಿದರು ಎಂದು ಒತ್ತಿದಳು. ಒತ್ತಿದ ಮೇಲೆ ಊಟದ ಹೊತ್ತು ಮುಗಿದಂತೆ.

“ಇನ್ನೂ ಎರಡು ಸಲ ಉಳಿದಿತ್ತು ಮಗಳೇ,” ಎಂದಳು ಈನಿಡ್.

ಪೌಲಾಳ ಮುಖ ಬಿಳಿಚಿತು. “ಒಂದು ಮಾತು ಹೇಳಬಾರದಿತ್ತಾ ಆಂಟಿ?”

“ಹೇಳೋ ಹಾಗಿರಲಿಲ್ಲ.”

ಪೌಲಾ ಪೆನ್ನು ತೆಗೆದು ತನ್ನ ಎಡಗೈಯ ಮೇಲೆ ನಾಲ್ಕು ಗೆರೆ ಎಳೆದುಕೊಂಡಳು. ಮಧ್ಯಾಹ್ನ ಸಾಸೇಜು, ಹಿಸುಕಿದ ಆಲೂಗಡ್ಡೆ. ಮೊದಲ ಸಲ ತಳ್ಳಿದಾಗ ಒಂದು ಗೆರೆಯನ್ನು ಹೊಡೆದಳು. ಎರಡನೆಯ ಸಲ ಇನ್ನೊಂದನ್ನು. ಮೂರನೆಯದಕ್ಕೆ ಸಿರಿಲನ ಕೈ ತಟ್ಟೆಯ ಅಂಚಿನ ಮೇಲೆ ಬಹಳ ಹೊತ್ತು ಕೂತು, ತಳ್ಳಿತು. ನಾಲ್ಕನೆಯ ಸಲ ಇಟ್ಟು ಪೌಲಾ ಉಸಿರು ಬಿಗಿಹಿಡಿದಳು. ಮೂಲೆಯಲ್ಲಿ ಈನಿಡ್ ಕಣ್ಣು ಮುಚ್ಚಿದಳು, ಕಣ್ಣಿನಿಂದಲೂ ಸನ್ನೆಯಾಗಬಹುದೆಂದು.

ಚಮಚ ತಟ್ಟೆಗೆ ತಾಗಿದ ಸದ್ದು ಕೇಳಿಸಿತು.

ಅವನು ಅರ್ಧ ತಟ್ಟೆ ಉಂಡು ನಿಲ್ಲಿಸಿದ. ಹೊಟ್ಟೆ ಅಷ್ಟಕ್ಕೇ ಕುಗ್ಗಿತ್ತು. ಟ್ಯಾಬಿನಲ್ಲಿ ಎರಡೇ ಗುಂಡಿ, ಸ್ವೀಕರಿಸಿದರು, ನಿರಾಕರಿಸಿದರು, ಅರ್ಧಕ್ಕೆ ಜಾಗವಿರಲಿಲ್ಲ. ಪೌಲಾ ಒಂದು ಗಳಿಗೆ ಯೋಚಿಸಿ ಮೊದಲನೆಯದನ್ನು ಒತ್ತಿದಳು.

ಒಂದು ಹೋಗಿತ್ತು, ಒಂದು ಬಂದಿತ್ತು. ಉಳಿದದ್ದು ನಲವತ್ತು, ಅದರಲ್ಲಿ ಬೇಕಾದದ್ದು ಇಪ್ಪತ್ತೇಳು. ಈನಿಡ್ ಎದ್ದು, ಊದಿದ ಕಾಲನ್ನು ಸರಿಮಾಡಿಕೊಂಡು, ಮೂರು ಗಂಟೆಯ ಬಸ್ಸಿಗೆಂದು ಕೋಟು ಹಾಕಿಕೊಂಡಳು. ಸಿರಿಲ್ ಅದರ ತೋಳನ್ನು ಹೆಬ್ಬೆರಳಿನಿಂದ ಎರಡು ಸಲ ಸವರಿದ.

“ಸಂಜೆ ಊಟಕ್ಕೆ ಯಾರು ಬರ್ತಾರೆ?” ಎಂದು ಆಕೆ ಬಾಗಿಲಲ್ಲಿ ನಿಂತು ಕೇಳಿದಳು.

ಪೌಲಾಗೆ ಗೊತ್ತಿರಲಿಲ್ಲ. ಹೆಸರಿರಬೇಕಾದ ಕಡೆ ಟ್ಯಾಬಿನಲ್ಲಿ ಖಾಲಿ ಇತ್ತು.

ಈನಿಡ್ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಮತ್ತೆ ಗೂಟಕ್ಕೆ ತಗುಲಿಸಿದಳು.